ಶುಶ್ರೂಷೆಯ ಹಣವೂ ನ್ಯಾಯದ ಲೆಕ್ಕವೂ

ರೋಗಪೀಡಿತರಾದ ಮಾತಾಪಿತೃಗಳ ಶುಶ್ರೂಷೆಗೆ ತೆತ್ತ ಹಣವನ್ನು ಮರಳಿ ಕೇಳುವುದು ಉಚಿತವೇ? ಹೆತ್ತವಳ ಸೇವೆಗೆ ಸಂದುದರ ಲೆಕ್ಕ ಹಿಡಿಯುವುದು ಮಾನವಂತರಿಗೆ ಒಪ್ಪದೆಂಬ ಭಾವನೆಯು ಯಲಬುರ್ಗಾ ಸೀಮೆಯಲ್ಲಿ ಮಾತ್ರವಲ್ಲ, ಎಲ್ಲೆಡೆಯೂ ಉಂಟು. ಭಾವನೆಯೇನೋ ಗೌರವಾರ್ಹವಾದುದೇ, ಆದರೆ ಅದು ಎರಡು ಬೇರೆ ಬೇರೆ ಋಣಗಳನ್ನು ಒಂದೆಂದು ಎಣಿಸುತ್ತದೆ.

ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ಮೊದಲು ಕಾಲಿಟ್ಟುದು ಗುಲ್ಬರ್ಗಾ ವಿಭಾಗದಲ್ಲಿ. ಕೊಪ್ಪಳ ಜಿಲ್ಲೆಯೂ ಅದರೊಳಗಿತ್ತು. 2018ರಲ್ಲಿ ಅದರ ಸ್ಥಾನಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದಿತು. ಅರ್ಹವಾದ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ, ಪಟ್ಟಿಯಲ್ಲಿ ಸೇರಿದ ಚಿಕಿತ್ಸೆಯ ವೆಚ್ಚವನ್ನು ಸರಕಾರವೇ ಭರಿಸತಕ್ಕುದು. ನಿಯಮದಂತೆ ದಾಖಲಾದ ರೋಗಿಯ ಮನೆಯವರಿಂದ ಅದೇ ಚಿಕಿತ್ಸೆಗೆ ಪುನಃ ಹಣ ತೆಗೆದುಕೊಂಡರೆ, ಒಂದು ಸೇವೆಗೆ ಎರಡು ಬೆಲೆಯಾಯಿತು. ಮಗನು ಎತ್ತುಗಳನ್ನು ಮಾರಿ ತಂದ ಆ ಹಣವು ಮಾತೃಭಕ್ತಿಯ ಕಾಣಿಕೆಯಲ್ಲ, ಅರಿಯದೆ ತೆತ್ತ ದಂಡ.

ತಪ್ಪು ತಿಳಿವಳಿಕೆಯಿಂದಾಗಲಿ ಬಲಾತ್ಕಾರದಿಂದಾಗಲಿ ಸಂದ ಹಣವನ್ನು ಪಡೆದವನು ಹಿಂದಿರುಗಿಸತಕ್ಕುದೆಂದು 1872ರ ಕರಾರು ಕಾಯಿದೆಯ 72ನೆಯ ಕಲಮು ವಿಧಿಸುತ್ತದೆ. ದೂರದ ಇಂಗ್ಲೆಂಡಿನಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಮುಖ್ಯವಾಗಿ ಆರೋಗ್ಯದ ಕಾರಣದಿಂದಲೇ ಬೇಕಾದ ಶುಶ್ರೂಷೆಯ ಭಾರವು ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿದುದೆಂದು, ಪಮೇಲಾ ಕಾಗ್ಲನ್ ಎಂಬ ಮಹಿಳೆಯ ವ್ಯಾಜ್ಯದಲ್ಲಿ 1999ರಲ್ಲಿ ಮೇಲ್ಮನವಿ ನ್ಯಾಯಾಲಯವು ತೀರ್ಮಾನಿಸಿತು. ತರುವಾಯ, ಸಲ್ಲದ ಶುಲ್ಕವನ್ನು ತೆತ್ತಿದ್ದ ಅನೇಕ ಕುಟುಂಬಗಳಿಗೆ ಹಣವು ಮರಳಿತು. ಅದರಿಂದ ಆ ಮಕ್ಕಳ ಪ್ರೀತಿಗೆ ಕುಂದು ಬಂದಿತೆಂದು ಯಾರು ಹೇಳಿಯಾರು?

ಆದರೆ ಹಕ್ಕಿಗೂ ಒಂದು ಮೇರೆಯುಂಟು. ಸ್ವೇಚ್ಛೆಯಿಂದ ಬಯಸಿ ಪಡೆದ ಪ್ರತ್ಯೇಕ ಕೊಠಡಿಯ ಬಾಡಿಗೆಯನ್ನು ಮರಳಿ ಕೇಳುವುದು ನ್ಯಾಯವಲ್ಲ. ರಾತ್ರಿಯೆಲ್ಲ ಎಚ್ಚರವಿದ್ದ ದಾದಿಯನ್ನು ಲೆಕ್ಕದ ತಪ್ಪಿಗಾಗಿ ನಿಂದಿಸುವುದು ಕೃತಘ್ನತೆ. ಹಾಗೆಂದು ಅತಿಯಾದ ಸಂಕೋಚವೂ ಸಲ್ಲದು. ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು 2019ರ ಕಾಯಿದೆಯು ಕೊಟ್ಟಿರುವ ಅವಧಿ ಎರಡೇ ವರ್ಷ. ಸೂತಕದ ಮನೆಯಲ್ಲಿಯೂ ರಸೀದಿಗಳನ್ನು ಜೋಪಾನವಾಗಿರಿಸುವುದು ಅಗತ್ಯ.

ಎರಂಬರಗೆಯ ಸಿಂದರು ಆಳಿದ ಈ ನಾಡಿನಲ್ಲಿ, ಕೊಟ್ಟ ದಾನವನ್ನು ಅಪಹರಿಸುವವನಿಗೆ ಶಾಪವನ್ನು ಶಾಸನದ ಕೊನೆಯಲ್ಲಿ ಕೆತ್ತಿಸುವುದು ಹಳೆಯ ವಾಡಿಕೆ. ದಾನವು ನಿಲ್ಲುವುದು ಕೊಟ್ಟವನ ಔದಾರ್ಯದಿಂದಷ್ಟೇ ಅಲ್ಲ, ಕಾಯುವವರ ಎಚ್ಚರದಿಂದ ಎಂಬ ಅರಿವು ಅದರಲ್ಲಿದೆ. ಬಡವರಿಗೆಂದು ಮೀಸಲಾದುದು ಕೈತಪ್ಪಿದಾಗ ಒಬ್ಬನು ಸುಮ್ಮನಿದ್ದರೆ, ಮರುದಿನ ಅದೇ ಬಾಗಿಲಿಗೆ ಬರುವ ಇನ್ನೊಬ್ಬ ಬಡವನೂ ತೆರಬೇಕಾಗುವುದು. ತಾಯಿಯ ಋಣವು ಎಂದಿಗೂ ತೀರುವಂತಹುದಲ್ಲ. ಆಸ್ಪತ್ರೆಯ ಲೆಕ್ಕವಾದರೋ ನ್ಯಾಯವಾಗಿ ತೀರಲೇಬೇಕಾದುದು.