ಎರವಲು ದನಿ

ಕಾಂದಿವಲಿಯಲ್ಲಿ ಲೋಕಲ್ ಇಳಿದು ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ಆರು ವರ್ಷದ ಮಗಳು ಕಥೆ ಬೇಕೆನ್ನುತ್ತಾಳೆ. ಆಗ ನಾವು ಮಾಡುವುದೇನು? ಮೊಬೈಲಿನಲ್ಲಿ ಕನ್ನಡ ಕಥೆಯ ವಿಡಿಯೋ ಹಾಕಿ ಅವಳ ಕೈಗಿತ್ತು ಕಾಲು ಚಾಚುತ್ತೇವೆ. ಕಾಸಿನ ಖರ್ಚಿಲ್ಲ, ಕನ್ನಡವೂ ಕಿವಿಗೆ ಬೀಳುತ್ತದೆ. ಇದು ಸರಿಯೇ ಎಂದು ನಾವು ಬಹಳ ದಿನ ಕೇಳಿಕೊಳ್ಳಲೇ ಇಲ್ಲ.

ಈ ವಿಡಿಯೋಗಳನ್ನು ಹಗುರವಾಗಿ ಕಾಣುವಂತಿಲ್ಲ. ದನಿ ಸಾಗಿದಂತೆ ಅದೇ ಭಾಷೆಯ ಅಕ್ಷರಗಳು ತೆರೆಯ ಮೇಲೆ ಬಣ್ಣ ತಾಳಿದರೆ ಕಣ್ಣು ತಾನಾಗಿ ಓದತೊಡಗುತ್ತದೆ ಎಂಬ ವಿಚಾರವನ್ನು 1996ರಲ್ಲಿ ಅಹಮದಾಬಾದಿನ ಐ.ಐ.ಎಂ.ನ ಬ್ರಿಜ್ ಕೊಠಾರಿಯವರು ಕೈಗೆತ್ತಿಕೊಂಡರು. ಚಿತ್ರಗೀತೆಗಳಿಂದ ಮೊದಲಾದದ್ದು ಮುಂದೆ ಬುಕ್‌ಬಾಕ್ಸ್‌ನ ಮಕ್ಕಳ ಕಥೆಗಳಿಗೂ ಬಂತು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಂತೂ ಕನ್ನಡ ಕಥೆಗಳನ್ನು ಯಾರೂ ಓದಬಹುದು, ಅಚ್ಚು ಹಾಕಿಕೊಳ್ಳಬಹುದು, ಬೇರೆ ಭಾಷೆಗೆ ತರಲೂಬಹುದು. ಕನ್ನಡ ಪುಸ್ತಕಕ್ಕಾಗಿ ಊರಿಗೆ ಹೋಗಿಬರುವವರ ದಾರಿ ಕಾಯುತ್ತಿದ್ದ ಹೊರನಾಡಿನವರಿಗೆ ಇದು ಸಣ್ಣ ಉಪಕಾರವೇನಲ್ಲ.

ಆದರೆ ಒಂದು ರಜೆಯ ದಿನ, ಬಿ.ಎಸ್‌ಸಿ. ಓದಿದ ಅಭ್ಯಾಸಬಲವೋ ಏನೋ, ನಾವೊಂದು ಪ್ರಯೋಗ ಮಾಡಿದೆವು. ದನಿ ಅಡಗಿಸಿ ವಿಡಿಯೋ ಬಿಟ್ಟೆವು. ಮಗಳು ಒಂದಕ್ಷರ ತಪ್ಪದೆ ಹೇಳುತ್ತ ಹೋದಳು. ನಾವು ಹಿಗ್ಗಿದೆವು. ಆಮೇಲೆ ನಡುವೆ ಎಲ್ಲೋ ನಿಲ್ಲಿಸಿ, "ಈ ಒಂದು ಸಾಲು ಓದಮ್ಮ" ಎಂದರೆ ಬಾಯೇ ಇಲ್ಲ. ಅಷ್ಟು ದಿನ ಅವಳು ಮಾಡಿದ್ದು ಬಾಯಿಪಾಠ.

ಶಾಲೆಯಲ್ಲಿ ಮರಾಠಿ ಕಲಿಯುವ ನಮ್ಮ ಮಕ್ಕಳಿಗೆ ಕ ಖ ಗ ಘ ಕ್ರಮ ಹೊಸದಲ್ಲ. ಆದರೆ ಎ-ಏ, ಒ-ಓ ಭೇದಕ್ಕೆ ಮರಾಠಿಯಲ್ಲಿ ಬೇರೆ ಬೇರೆ ಅಕ್ಷರಗಳಿಲ್ಲ; 'ಕೊಡು', 'ಕೋಡು' ಎರಡೂ ಅವರ ಕಣ್ಣಿಗೆ ಒಂದೇ. ಅರ್ಕಾವತ್ತು ಇನ್ನೂ ತೊಡಕು. 'ಸೂರ್ಯ'ದಲ್ಲಿ ಮೊದಲು ಕೇಳುವ ರಕಾರ ಬರಹದಲ್ಲಿ ಕಡೆಗೆ ಕೂತಿರುತ್ತದೆ. ಮಗು ಅಲ್ಲಿ ತಡವರಿಸಿದ್ದು ವಿಡಿಯೋಗೆ ತಿಳಿಯದು. ಅದು ತನ್ನ ಪಾಡಿಗೆ ಮುಂದೆ ಹೋಗಿರುತ್ತದೆ. ನಿಂತ ಮಗುವಿನ ಜೊತೆ ನಿಲ್ಲಬೇಕಾದವರು ಮನೆಯವರು.

ಪೂಜೆಯನ್ನು ಪುರೋಹಿತರಿಂದ ಮಾಡಿಸುತ್ತೇವೆ, ನಿಜ. ಆದರೂ ಸಂಕಲ್ಪಕ್ಕೆ ನಾವೇ ಕೂರಬೇಕಲ್ಲವೆ? ಮಾತೃಭಾಷೆಯ ವಿಷಯದಲ್ಲಿ ಮಾತ್ರ ಎದ್ದುಹೋಗಲು ನಮಗೆ ಯಾರು ರಜೆ ಕೊಟ್ಟರು? ದಣಿವೆನ್ನಲು ನಾಚಿಕೆಯಾಗುತ್ತದೆ. ಇದೇ ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳ ಬೆಂಚುಗಳಲ್ಲಿ ಕೂತು ಓದಿದ ಹುಡುಗರಿದ್ದರು.

ನಮ್ಮ ಕಟ್ಟಡದ ಒಬ್ಬ ಗೃಹಿಣಿಯ ಮಾತು ಬೇರೆ. ಹುಟ್ಟಿದ್ದು ಇಲ್ಲೇ, ಓದಿದ್ದು ಮರಾಠಿ ಮಾಧ್ಯಮದಲ್ಲಿ. ಕನ್ನಡ ಬಾಯಲ್ಲಿದೆ, ಕಣ್ಣಿಗಿಲ್ಲ. ಆಕೆ ಮಗನ ಪಕ್ಕ ಕೂತು ವಿಡಿಯೋ ನೋಡುತ್ತ ತಾನೂ ಅಕ್ಷರ ಕಲಿಯುತ್ತಿದ್ದಾರೆ. ಆ ಮನೆಯಲ್ಲಿ ಎರವಲು ದನಿ ದೊಡ್ಡ ಆಸರೆ. ಅಕ್ಷರ ಬಲ್ಲ ನಮ್ಮ ಮನೆಯಲ್ಲಿ ಅದು ಸೋಮಾರಿತನವಾಗಿತ್ತು ಎಂದು ಒಪ್ಪಲೇಬೇಕು.

ಈಗ ಊಟವಾದ ಮೇಲೆ ಹತ್ತು ನಿಮಿಷ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ, ಸಾಲಿಗೆ ಬೆರಳಿಟ್ಟು ಓದುತ್ತೇವೆ. ನಮ್ಮ ಓದು ವಿಡಿಯೋದ ಅಕ್ಕನಷ್ಟು ಚೆಂದವಿಲ್ಲವೆಂದು ಮಗಳ ದೂರು. ಮೊನ್ನೆ ನಡುವೆ ನಮಗೇ ತೂಕಡಿಕೆ ಬಂತು. ಅವಳು ಮೊಣಕೈಯಿಂದ ತಿವಿದು, ಬಿಟ್ಟ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿಂದ ಅಪ್ಪಾ" ಎಂದಳು.