ಗಾಯಗೊಂಡ ಕೋಳಿ ಮತ್ತು ಶ್ರಾವಕನ ಕರ್ತವ್ಯ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಳ್ಳಿಗಳಲ್ಲಿ ಕೋಳಿ ಸಾಕುವ ನೆರೆಹೊರೆ ಅಪರೂಪವಲ್ಲ. ಹಿಂಡಿನ ಕುಕ್ಕಾಟದಿಂದ ನೆತ್ತರು ಸುರಿಸುತ್ತ ಅಂಥ ಕೋಳಿಯೊಂದು ಶ್ರಾವಕನ ಹಿತ್ತಲಿಗೆ ಬಂದು ಅಡಗಿದರೆ ಅವನ ಮುಂದೆ ಒಂದು ಧರ್ಮಸಂಕಟ ಉದ್ಭವಿಸುತ್ತದೆ. ತಾನು ಶುಶ್ರೂಷೆ ಮಾಡಿ ಉಳಿಸಿದ ಜೀವವನ್ನು ಅದರ ಒಡೆಯನು ನಾಳೆ ಕೊಯ್ದರೆ, ಆ ಸೇವೆಯೇ ಹಿಂಸೆಗೆ ನೆರವಾದಂತಾಗದೇ?

ಮೊದಲು ಕುಕ್ಕಿದ ಕೋಳಿಗಳ ವಿಚಾರ. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬೇಕೆಂಬ ಮೇಲು-ಕೀಳಿನ ಕ್ರಮವಿದೆಯೆಂದು ನಾರ್ವೆಯ ಶೆಲ್ಡೆರುಪ್-ಎಬ್ಬೆ 1922ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಆದರೆ ಇಕ್ಕಟ್ಟು, ಬಿಸಿಲ ಬೇಗೆ, ನೀರು-ಮೇವಿನ ಕೊರತೆಗಳಿದ್ದಲ್ಲಿ ಈ ಕ್ರಮ ಕ್ರೌರ್ಯಕ್ಕೆ ತಿರುಗುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಾದ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳನ್ನು ನೆನೆದರೆ, ಪಕ್ಷಿಯ ದೋಷವೆಂದು ಕಂಡದ್ದರಲ್ಲಿ ಎಷ್ಟೋ ಪಾಲು ಮನುಷ್ಯನದೆಂದು ತಿಳಿಯುತ್ತದೆ.

ಇನ್ನು ಮುಖ್ಯ ಪ್ರಶ್ನೆ. 1209ರಲ್ಲಿ ಜನ್ನನು ರಚಿಸಿದ 'ಯಶೋಧರ ಚರಿತೆ'ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಅಲ್ಲಿ ರಕ್ತ ಹರಿಯಲಿಲ್ಲ. ಆದರೂ ಕೊಲ್ಲುವ ಸಂಕಲ್ಪವೊಂದೇ ಯಶೋಧರನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳಲ್ಲಿ ಅಲೆಸಿತು. ಸಂಕಲ್ಪವೇ ಪಾಪಕ್ಕೆ ಅಳತೆಗೋಲಾದರೆ ಪುಣ್ಯಕ್ಕೂ ಅದೇ ಅಳತೆಗೋಲು. ನೋವನ್ನು ಶಮನಗೊಳಿಸುವ ಭಾವದಿಂದ ಗಾಯ ತೊಳೆದವನ ಕೈಗೆ, ಮುಂದೆ ಮತ್ತೊಬ್ಬನು ಹಿಡಿಯುವ ಕತ್ತಿಯ ಕಲೆ ಅಂಟದು. ನಾಳೆಯ ಶಂಕೆಯಿಂದ ಇಂದಿನ ನರಳುವಿಕೆಯನ್ನು ಕಡೆಗಣಿಸುವುದು ವಿವೇಕವಲ್ಲ, ನಿರ್ದಯೆ.

ಶುಶ್ರೂಷೆಯೂ ಕಠಿಣವಾದುದಲ್ಲ. ನೆತ್ತರ ಕೆಂಪು ಕಂಡರೆ ಉಳಿದ ಕೋಳಿಗಳು ಮತ್ತೆ ಮತ್ತೆ ಕುಕ್ಕುವುದರಿಂದ ಮೊದಲು ಅದನ್ನು ಬೇರ್ಪಡಿಸಬೇಕು. ಕಾಯಿಸಿ ಆರಿಸಿದ ನೀರಿಗೆ ತುಸು ಉಪ್ಪು ಬೆರೆಸಿ ಗಾಯ ತೊಳೆದು, ನೆರಳಿನಲ್ಲಿಟ್ಟು ನೀರನ್ನೂ ಜೋಳದ ನುಚ್ಚನ್ನೂ ಕೊಡಬೇಕು. ಗಾಯಕ್ಕೆ ನೊಣ ಕೂರದಂತೆ ತೆಳುಬಟ್ಟೆಯ ಮರೆ ಕಟ್ಟಿದರೆ ಹುಳು ಬೀಳದು. ಒಂದು ಜೀವವನ್ನು ಉಳಿಸಲು ಹಲವು ಜೀವಗಳನ್ನು ಕೊಲ್ಲುವ ಸಂದರ್ಭವೂ ತಪ್ಪುತ್ತದೆ. ಆಳವಾದ ಗಾಯವಾದರೆ ಪಶುವೈದ್ಯರನ್ನು ಕಾಣಬೇಕು. ಹಿಂಡು ಕಣ್ಣಿಗೆ ಕಾಣುವಂತೆ ಇರಿಸಿದರೆ ಮರಳಿ ಸೇರುವುದು ಸುಲಭ.

ಆದರೆ ಗಾಯ ಮಾಗಿದೊಡನೆ ಕರ್ತವ್ಯ ಮುಗಿಯದು. ಒಡೆಯನ ಉದ್ದೇಶವನ್ನು ಅರಿತೂ ಮೌನವಾಗಿರುವುದು ಸಲ್ಲದು. ಹಣ ಕೊಟ್ಟು ಕೊಂಡರೆ ಅದೇ ಹಣದಿಂದ ಬೇರೆ ಕೋಳಿಗಳು ಆ ಗೂಡಿಗೆ ಬರಬಹುದು. ಆದುದರಿಂದ ನೆರೆಯವನಲ್ಲಿ ವಿನಯದಿಂದ ಅಭಯದಾನವನ್ನು ಬೇಡುವುದೇ ಲೇಸು. ಅವನು ಒಪ್ಪದಿರಬಹುದು, ಬೇಡಿದ ಮಾತು ಮಾತ್ರ ಅವನ ಮನದಲ್ಲಿ ಉಳಿಯುತ್ತದೆ.

ದಿಲ್ಲಿಯ ಲಾಲ್ ಮಂದಿರದ ಆವರಣದಲ್ಲಿ ದಿಗಂಬರ ಸಮಾಜವು ಪಕ್ಷಿಗಳಿಗಾಗಿಯೇ ಧರ್ಮಾರ್ಥ ಆಸ್ಪತ್ರೆಯನ್ನು ನಡೆಸುತ್ತಿದೆ. ನಮ್ಮ ನರೇಗಲ್ಲಿನಲ್ಲಿ ಗಂಗರಾಣಿ ಪದ್ಮಬ್ಬರಸಿ 10ನೆಯ ಶತಮಾನದಲ್ಲಿಯೇ ಬಸದಿಯನ್ನು ಕಟ್ಟಿಸಿದಳು. ಅಂಥ ನಾಡಿನ ಬಸದಿಗಳ ಟ್ರಸ್ಟುಗಳು ಗೋವಿಗೆ ತೋರುವ ಆದರದಲ್ಲಿ ಒಂದಂಶವನ್ನಾದರೂ, ಒಂದು ಮೂಲೆಯ ನೆರಳನ್ನೂ ಒಂದು ಬಟ್ಟಲು ನೀರನ್ನೂ ಈ ಪಂಚೇಂದ್ರಿಯ ಜೀವಿಗೆ ಮೀಸಲಿಡಬಾರದೇಕೆ?