ಉಣಿಸುವವರ ಧರ್ಮ, ಉಣ್ಣುವವರ ಧರ್ಮ

ನಮ್ಮ ಮಂಗಸೂಳಿಯ ಮಲ್ಲಯ್ಯ ಆಳಾಗಿ ದುಡಿದ ದೇವರು. ಮರಾಠಿ ಮಾತಾಡುವವರು ಖಂಡೋಬಾ ಎನ್ನುತ್ತಾರೆ, ನಾವು ಮಲ್ಲಯ್ಯ ಎನ್ನುತ್ತೇವೆ. ಗುಡಿ ಒಂದೇ, ಹಣೆಗೆ ಹಚ್ಚುವ ಭಂಡಾರವೂ ಒಂದೇ. ಜಾಗರಣೆಯ ಹಾಡುಗಳಲ್ಲಿ ಅವನು ಹೆಂಡತಿ ಮ್ಹಾಳಸಾಳೊಡನೆ ಪಗಡೆಯಾಡಿ ಸೋತು, ಹನ್ನೆರಡು ವರ್ಷ ಮನೆ ಬಿಟ್ಟು, ಮುದುಕನ ವೇಷ ಹಾಕಿಕೊಂಡು ಬಾಣಾಯಿ ಎಂಬವಳ ಕುರಿಹಟ್ಟಿಗೆ ಬರುತ್ತಾನೆ. ಅಲ್ಲಿ ಕುರಿ ಕಾಯುತ್ತಾನೆ, ಹೇಳಿದ ಕೆಲಸ ಮಾಡುತ್ತಾನೆ. ಹಟ್ಟಿಯವರಿಗೆ ಅವನು ಒಬ್ಬ ಆಳು, ಅಷ್ಟೇ. ಚಿಕ್ಕವಳಿದ್ದಾಗ ಈ ಕಥೆ ಕೇಳಿ ನನಗೆ ದೇವರ ಮೇಲೆ ಕನಿಕರ ಬರುತ್ತಿತ್ತು. ಈಗ ಬೇರೆ ಪ್ರಶ್ನೆ ಬರುತ್ತದೆ. ಆ ಹನ್ನೆರಡು ವರ್ಷ ಅವನಿಂದ ಕೆಲಸ ಮಾಡಿಸಿಕೊಂಡವರು ಅವನನ್ನು ಹೇಗೆ ನಡೆಸಿಕೊಂಡಿರಬೇಕು?

ಈ ಪ್ರಶ್ನೆ ನನ್ನನ್ನು ಬಿಡದೆ ಹಿಡಿದದ್ದು ನಮ್ಮ ಅಕ್ಕನ ಮಗನಿಂದ. ಅವನು ದೊಡ್ಡ ಪ್ರವಾಸಿ ಹಡಗೊಂದರಲ್ಲಿ ಖೋಲಿ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಉಗಾರದ ಸಕ್ಕರೆ ಕಾರ್ಖಾನೆಯ ಹೊಗೆ ನೋಡುತ್ತ ಬೆಳೆದ ಹುಡುಗ, ಮಿರಜಿನಲ್ಲಿ ಹೋಟೆಲ್ ಕೆಲಸದ ಕೋರ್ಸ್ ಮಾಡಿ, ಮುಂಬೈಗೆ ಹೋಗಿ ಹಡಗಿನ ನೌಕರಿಗೆ ಬೇಕಾದ ಸಿಡಿಸಿ ಪುಸ್ತಕ ಮಾಡಿಸಿಕೊಂಡು ಹಡಗು ಹತ್ತಿದ. ಒಮ್ಮೆ ಹೋದರೆ ಎಂಟು ತಿಂಗಳು, ಒಂಬತ್ತು ತಿಂಗಳು. ಹದಿನೈದರ ಮೇಲೆ ಖೋಲಿಗಳು ಅವನ ಪಾಲಿಗೆ; ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಹಾಸಿಗೆ ಹಾಸಬೇಕು, ಬಚ್ಚಲು ಒರೆಸಬೇಕು, ಟಾವೆಲನ್ನು ಮಡಚಿ ಆನೆಯನ್ನೋ ಮಂಗನನ್ನೋ ಮಾಡಿ ಹಾಸಿಗೆಯ ಮೇಲೆ ಕೂಡಿಸಬೇಕು. ಮಲ್ಲಯ್ಯನ ಹಬ್ಬವಾದ ಚಂಪಾಷಷ್ಠಿಗೆ ನಾವು ಮನೆಯಲ್ಲಿ ಪೂಜೆಯ ತಳಿ ಎತ್ತುವಾಗ ಅವನು ವಿಡಿಯೋ ಕರೆ ಮಾಡಿದ. ಬದನೆಕಾಯಿ ಭರಿತ, ರೊಟ್ಟಿ ಎಲ್ಲ ನೋಡಿದ. "ರಜಾ ಯಾವಾಗಲೋ?" ಎಂದೆ. "ಮಾವಶಿ, ಇಲ್ಲಿ ದಿನಾ ಅಂದ್ರ ದಿನಾನ. ರವಿವಾರ ಇಲ್ಲ, ಅಮಾಸಿ ಇಲ್ಲ. ನಕ್ಕೋತ ಇರಬೇಕು, ಅದೂ ಕೆಲಸಾನ" ಎಂದ. ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ನನಗೆ ಮಾತ್ರ ಆ ಕೊನೆಯ ಮಾತು ನಾಟಿತು.

ಸಮುದ್ರಕ್ಕೂ ಧರ್ಮಕ್ಕೂ ಹಳೆಯ ಜಗಳವಿದೆ. ಬೌಧಾಯನ ಧರ್ಮಸೂತ್ರವು ಮನುಷ್ಯನನ್ನು ಪತಿತನನ್ನಾಗಿ ಮಾಡುವ ಪಾಪಗಳನ್ನು ಎಣಿಸುವಾಗ ಸಮುದ್ರಯಾನವನ್ನೇ ಮೊದಲು ಇಟ್ಟಿದೆ. ಮೋಹನದಾಸ ಗಾಂಧಿ 1888ರ ಸೆಪ್ಟೆಂಬರ್ 4ರಂದು ಮುಂಬೈಯಿಂದ 'ಕ್ಲೈಡ್' ಹಡಗಿನಲ್ಲಿ ಹೊರಟಾಗ ಅವರ ಜಾತಿಯ ಪಂಚರು ಬಹಿಷ್ಕಾರ ಹಾಕಿದರು. ಹಡಗಿನಲ್ಲಿ ಯಾವ ಪದಾರ್ಥದಲ್ಲಿ ಮಾಂಸವಿಲ್ಲ ಎಂದು ಕೇಳಲು ನಾಚಿ, ಮನೆಯಿಂದ ತಂದ ಸಿಹಿತಿಂಡಿ, ಹಣ್ಣು ತಿಂದು ಖೋಲಿಯಲ್ಲೇ ದಿನ ತೆಗೆದುದನ್ನು ಅವರೇ ಬರೆದುಕೊಂಡಿದ್ದಾರೆ. 1902ರಲ್ಲಿ ಜಯಪುರದ ಮಹಾರಾಜ ಎರಡನೇ ಮಾಧೋಸಿಂಗ್ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೊರಟಾಗ 'ಒಲಿಂಪಿಯಾ' ಎಂಬ ಹೊಸ ಹಡಗನ್ನೇ ಬಾಡಿಗೆಗೆ ಹಿಡಿದರು. ಸಾವಿರಾರು ಲೀಟರ್ ಗಂಗಾಜಲ ಹಿಡಿಸುವ ಬೆಳ್ಳಿಯ ಹಂಡೆಗಳು ಜೊತೆಗೆ ಹೋದವು. ಆ ಹಂಡೆಗಳನ್ನು ಇಂದೂ ಜಯಪುರದ ಅರಮನೆಯಲ್ಲಿ ನೋಡಬಹುದು.

ಇವೆಲ್ಲದರ ಹಿಂದಿನ ಭಯ ನೀರಿನದ್ದಲ್ಲ, ಕೈಯದ್ದು. ಯಾರು ಅಡಿಗೆ ಮಾಡಿದರು, ಯಾರು ನೀರು ಕೊಟ್ಟರು, ಯಾರ ಪಕ್ಕದಲ್ಲಿ ಕೂತು ಉಂಡೆವು? ದಡದಲ್ಲಿ ಇದನ್ನೆಲ್ಲ ಕಾಯಬಹುದು, ಹಡಗಿನಲ್ಲಿ ಕಾಯಲಾಗದು. ಆ ಭಯ ಈಗ ಕರಗಿದೆ. ಮುಂಬೈಯಿಂದ 2021ರ ಸೆಪ್ಟೆಂಬರಿನಲ್ಲಿ ಓಡಾಟ ಆರಂಭಿಸಿದ ಕಾರ್ಡೇಲಿಯಾ ಹಡಗಿನಲ್ಲಿ ಜೈನ ಊಟವೂ ಸಿಗುತ್ತದೆ. ಯಾವ ಜಾತಿಯ ಕೈ ಬಡಿಸಿತು ಎಂದು ಯಾರೂ ಕೇಳುವುದಿಲ್ಲ. ಇದು ಸಣ್ಣ ಮಾತಲ್ಲ. ನಮ್ಮ ಭಾಗದ ಎಷ್ಟೋ ಊರುಗಳ ಪಂಕ್ತಿಯಲ್ಲಿ ಬಡಿಸುವ ಬಕೆಟ್ ಯಾರ ಕೈಗೆ ಕೊಡಬೇಕೆಂದು ಇವತ್ತಿಗೂ ಕಣ್ಸನ್ನೆಯಲ್ಲಿ ನಿರ್ಧಾರವಾಗುತ್ತದೆ. ನನ್ನ ಅಕ್ಕನ ಮಗನನ್ನು ಹಡಗಿನಲ್ಲಿ ಯಾರೂ ಕುಲ ಕೇಳಿಲ್ಲ. ಶಾಸ್ತ್ರಕಾರರು ಹೆದರಿದ್ದು ನಡೆದೇ ಹೋಯಿತು, ಅದರಿಂದ ಒಳ್ಳೆಯದೇ ಆಯಿತು ಎಂದು ನಾನು ನಂಬುತ್ತೇನೆ.

ಆದರೆ ಕುಲ ಕೇಳದೆ ಬಿಟ್ಟವರು ಬೇರೆ ಏನನ್ನೂ ಕೇಳುತ್ತಿಲ್ಲ. ನನ್ನ ಚಿಂತೆ ಇರುವುದು ಇಲ್ಲಿ.

ನಮ್ಮ ಅಪ್ಪ ಅರವತ್ತರ ದಶಕದ ಕೊನೆಗೆ ಮುಂಬೈಯಿಂದ ಪಣಜಿಗೆ ಬೋಟಿನಲ್ಲಿ ಹೋದವರು. ಆಗ ಆ ದಾರಿಯಲ್ಲಿ 'ಕೊಂಕಣ ಸೇವಕ', 'ಕೊಂಕಣ ಶಕ್ತಿ' ಎಂಬ ಹಡಗುಗಳು ಓಡುತ್ತಿದ್ದವು. ಡೆಕ್ಕಿನ ಟಿಕೆಟ್ ತೆಗೆದವರು ತಮ್ಮ ಚಾದರ ತಾವೇ ಹಾಸಿಕೊಂಡು, ತಮ್ಮ ಬುತ್ತಿ ತಾವೇ ಬಿಚ್ಚಿ ಉಣ್ಣಬೇಕು. ಅಪ್ಪ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋಗಿದ್ದರಂತೆ. ರಾತ್ರಿ ಪಕ್ಕದ ಮುದುಕಿಗೆ ವಾಂತಿಯಾದಾಗ ನೀರು ಕೊಟ್ಟು ತಲೆ ಹಿಡಿದವರು ಇವರೇ. ಬೆಳಗ್ಗೆ ಇವರಿಗೆ ಚಹಾ ತಂದುಕೊಟ್ಟವನು ಆ ಮುದುಕಿಯ ಮಗ. ಮೇಲಿನ ದರ್ಜೆಯಲ್ಲಿ ಊಟ ತಂದುಕೊಡುವ ಆಳುಗಳಿದ್ದರು, ಕೆಳಗೆ ಇರಲಿಲ್ಲ. ಕೆಳಗೆ ಎಲ್ಲರೂ ಎಲ್ಲರ ಆಳು. ಅಲ್ಲಿ ಸುಖವಿತ್ತು ಎಂದು ಹೇಳಲಾರೆ. ಉಪ್ಪುಗಾಳಿ, ಹೊಲಸು, ಗರ್ದಿ ಎಲ್ಲ ಇತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆಯುವ ಹೊತ್ತಿಗೆ ಆ ಬೋಟುಗಳ ಕಾಲ ಮುಗಿದಿತ್ತು.

ಮೇಲಿನ ದರ್ಜೆಯ ಆಳುಗಳ ಪರಂಪರೆಯೇ ಇಂದಿನ ಪ್ರವಾಸಿ ಹಡಗಿಗೆ ಬಂದದ್ದು. ಬ್ರಿಟಿಷರ ಪಿ ಅಂಡ್ ಒ ಕಂಪನಿಯ ಹಡಗುಗಳಲ್ಲಿ ಊಟದ ಮೇಜಿಗೆ, ಖೋಲಿಗಳಿಗೆ ಗೋವೆಯವರನ್ನು ಇಡುತ್ತಿದ್ದರು. ದೇಶದಿಂದ ದೇಶಕ್ಕೆ ಮುಟ್ಟಿಸುವ ಹಡಗನ್ನು ಬರಿಯ ವಿಹಾರಕ್ಕಾಗಿ ಓಡಿಸಬಹುದೆಂದು ಜರ್ಮನಿಯ ಆಲ್ಬರ್ಟ್ ಬಾಲಿನ್ 1891ರ ಜನವರಿಯಲ್ಲಿ 'ಆಗುಸ್ಟಾ ವಿಕ್ಟೋರಿಯಾ' ಹಡಗನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಕಳಿಸಿ ತೋರಿಸಿದ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ, ಹಡಗು ಸುಮ್ಮನೆ ನಿಲ್ಲಬಾರದು ಎಂಬುದು ಅವನ ಲೆಕ್ಕ. 1958ರಿಂದ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಜನರನ್ನು ಸಾಗಿಸುವ ಕೆಲಸವೇ ಹಡಗುಗಳ ಕೈ ತಪ್ಪಿತು. ಉಳಿದದ್ದು ಉಪಚಾರ. 2024ರ ಜನವರಿಯಲ್ಲಿ ಹೊರಟ 'ಐಕಾನ್ ಆಫ್ ದಿ ಸೀಸ್' ಇಪ್ಪತ್ತು ಅಂತಸ್ತಿನ ಹಡಗು. ತುಂಬಿದಾಗ 7,600 ಪ್ರಯಾಣಿಕರು, ಅವರನ್ನು ನೋಡಿಕೊಳ್ಳಲು 2,350 ಸಿಬ್ಬಂದಿ. ನಮ್ಮ ಕಡೆಯ ಒಂದು ದೊಡ್ಡ ಊರೇ ನೀರಿನ ಮೇಲೆ ಹೋದ ಹಾಗೆ.

ಒಂದು ಕಾಲಕ್ಕೆ ರಾಜರಿಗೆ, ಸಾಹೇಬರಿಗೆ ಮಾತ್ರ ಸಿಗುತ್ತಿದ್ದ ಉಪಚಾರ ಈಗ ನಿವೃತ್ತ ಮಾಸ್ತರಿಣಿಯಾದ ನನಗೂ ಸಿಗುತ್ತದೆ. ಮಗ, ಸೊಸೆ ಕರೆದುಕೊಂಡು ಹೋದರು. ಮುಂಬೈಯಿಂದ ಗೋವೆಗೆ ಹೋಗಿ ಬಂದೆ. ನಡುರಾತ್ರಿಯಲ್ಲೂ ಊಟ ಇತ್ತು. ಸೇವೆಯ ಭಕ್ಷೀಸು ಮೊದಲೇ ಬಿಲ್ಲಿಗೆ ಸೇರಿತ್ತು. ಮೊದಲು ಪ್ರಯಾಣದ ಕೊನೆಯ ದಿನ ಲಕೋಟೆಯಲ್ಲಿಟ್ಟು, ಮುಖ ನೋಡಿ, ಕೈಗೆ ಕೊಡುತ್ತಿದ್ದರಂತೆ. ಈಗ ತಲೆಗಿಷ್ಟು, ದಿನಕ್ಕಿಷ್ಟು ಎಂದು ತಾನೇ ಹಚ್ಚಿಕೊಳ್ಳುತ್ತದೆ. ಕೆಲಸದವರಿಗೆ ಇದು ಭದ್ರತೆ, ಒಪ್ಪಿದೆ. ಆದರೆ ನಮ್ಮ ಮನಸ್ಸಿನಲ್ಲಿ 'ಲೆಕ್ಕ ಮುಗಿಯಿತು' ಎಂಬ ಮುದ್ರೆ ಹಡಗು ಹತ್ತುವ ಮೊದಲೇ ಬೀಳುತ್ತದೆ. ಸಿಬ್ಬಂದಿಯ ಎದೆಯ ಮೇಲೆ ಹೆಸರು, ದೇಶ ಬರೆದ ಪಟ್ಟಿ ಇರುತ್ತದೆ. ಓದಲಿಕ್ಕೆ ಕಷ್ಟವಿಲ್ಲ. ನಮ್ಮ ಪಕ್ಕದ ಮೇಜಿನವರು ಮೂರು ಹೊತ್ತೂ ಅದೇ ಹುಡುಗಿಯ ಕೈಯಲ್ಲಿ ಉಂಡು, ಚಿಟಿಕೆ ಹೊಡೆದು ಕರೆಯುತ್ತಿದ್ದರು. ಬಡಿಸಿಕೊಂಡದ್ದರಲ್ಲಿ ಅರ್ಧ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದರು.

ಸೇವೆ ಮಾಡುವವನ ಧರ್ಮದ ಬಗ್ಗೆ ನಮ್ಮಲ್ಲಿ ಎಷ್ಟು ಹೇಳಿದ್ದಾರೆ! ಶರಣರು ಕಾಯಕ, ದಾಸೋಹ ಎಂದರು. ಮೈಲಾರದಲ್ಲಿ, ದೇವರಗುಡ್ಡದಲ್ಲಿ ಗೊರವರು ಕಂಬಳಿಯ ಅಂಗಿ ತೊಟ್ಟು ತಾವು ಮಲ್ಲಯ್ಯನ ನಾಯಿ ಎಂದು ಬೊಗಳಿ, ದೋಣಿ ಎಂಬ ಪಾತ್ರೆಯಲ್ಲಿನ ಪ್ರಸಾದ ತಿನ್ನುತ್ತಾರೆ. ಅಂಥ ಸೇವೆಯಲ್ಲೂ ಅವರಿಗೆ ಮಾನವಿದೆ. ಆದರೆ ಸೇವೆ ತೆಗೆದುಕೊಳ್ಳುವವನು ಹೇಗಿರಬೇಕು? ಗುಡಿಯಲ್ಲಿ ತೆಗೆದುಕೊಳ್ಳುವವನು ದೇವರು, ಆದ್ದರಿಂದ ಆ ಪ್ರಶ್ನೆ ಏಳುವುದಿಲ್ಲ. ಹಡಗಿನಲ್ಲಿ ತೆಗೆದುಕೊಳ್ಳುವವರು ನಾವು.

ಉತ್ತರ ಹುಡುಕಲು ನಾನು ಬಹಳ ದೂರ ಹೋಗಬೇಕಾಗಲಿಲ್ಲ. ಶೇಡಬಾಳ ನಮಗೆ ಹತ್ತಿರ. 1925ರಲ್ಲಿ ಅಲ್ಲಿ ಹುಟ್ಟಿದ ಮಗು ಮುಂದೆ ಆಚಾರ್ಯ ವಿದ್ಯಾನಂದ ಮುನಿಗಳಾದರು. ಆ ಊರಿನಲ್ಲಿ ದಿಗಂಬರ ಮುನಿಗಳ ಆಹಾರಚರ್ಯೆಯನ್ನು ನಾನು ಗೆಳತಿಯ ಮನೆಯಲ್ಲಿ ನೋಡಿದ್ದೇನೆ. ಮನೆಯವರು ಮಡಿಯುಟ್ಟು ಬಾಗಿಲಲ್ಲಿ ನಿಂತು ಭಕ್ತಿಯಿಂದ ಬರಮಾಡಿಕೊಳ್ಳುತ್ತಾರೆ. ಮುನಿ ದಿನಕ್ಕೊಮ್ಮೆ, ನಿಂತುಕೊಂಡು, ಎರಡೂ ಕೈ ಕೂಡಿಸಿದ ಬೊಗಸೆಯಲ್ಲಿ ಉಣ್ಣುತ್ತಾರೆ. ಇದು ಬೇಕು ಎಂದು ಕೇಳುವುದಿಲ್ಲ, ರುಚಿಯಿಲ್ಲ ಎಂದು ಮುಖ ಮಾಡುವುದಿಲ್ಲ. ಇದಕ್ಕೆ ಭ್ರಾಮರಿ ವೃತ್ತಿ ಎನ್ನುತ್ತಾರೆ: ದುಂಬಿ ಹೂವಿಗೆ ನೋವಾಗದಂತೆ ಮಕರಂದ ತೆಗೆದುಕೊಳ್ಳುವ ಹಾಗೆ, ಉಣಿಸುವವರಿಗೆ ಭಾರವಾಗದಂತೆ ತೆಗೆದುಕೊಳ್ಳುವುದು. ಉಣ್ಣುವವರ ಧರ್ಮವನ್ನು ಇಷ್ಟು ಸೂಕ್ಷ್ಮವಾಗಿ ಕಟ್ಟಿದ ಪದ್ಧತಿ ಇನ್ನೊಂದನ್ನು ನಾನು ಕಂಡಿಲ್ಲ. ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮ ಇದೇ ಮಾತನ್ನು ಸಂಸಾರಿಗಳಿಗೆ ಕಲಿಸಿದಳು. ಗಂಡ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ತಿರುಗಿ ಸುರಿದು ಬಾ ಎಂದು ಕಳಿಸಿದಳು. ಎದುರಿಗೆ ರಾಶಿ ಇದೆ ಎಂಬುದೇ ತೆಗೆದುಕೊಳ್ಳಲು ಕಾರಣವಲ್ಲ ಎಂದು ಅವಳಿಗೆ ಗೊತ್ತಿತ್ತು.

ದುಡ್ಡು ಕೊಟ್ಟಿದ್ದೇವಲ್ಲ ಎಂದು ಕೇಳುವವರಿದ್ದಾರೆ. ನನ್ನ ಅಕ್ಕನ ಮಗನೇ ಹಾಗೆ ಕೇಳಿದ: "ಪಗಾರ ಬರತೈತಿ ಮಾವಶಿ, ಅಕ್ಕನ ಲಗ್ನ ಆತು, ಮನಿ ಆರ್‌ಸಿಸಿ ಆತು. ಮತ್ತೇನ ಬೇಕು?" ಅವನ ಮಾತಿಗೆ ತೂಕವಿದೆ. ಈ ನೌಕರಿ ಅವನ ಮನೆಯನ್ನು ಎತ್ತಿ ನಿಲ್ಲಿಸಿತು. 2013ರಿಂದ ಜಾರಿಯಲ್ಲಿರುವ, ಭಾರತವೂ 2015ರಲ್ಲಿ ಅಂಗೀಕರಿಸಿದ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಡಂಬಡಿಕೆ ಅವನ ಬೆನ್ನಿಗಿದೆ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕೆಂದು ಅದು ಹೇಳುತ್ತದೆ. ಆದರೆ ಆ ಹತ್ತು ಗಂಟೆಯನ್ನು ಎರಡು ತುಂಡು ಮಾಡಬಹುದು. ಒಂದು ತುಂಡು ಆರು ಗಂಟೆಗಿಂತ ಕಡಿಮೆಯಿರಬಾರದು, ಅಷ್ಟೇ. ಅಂದರೆ ಕಾನೂನು ಪೂರ್ತಿ ಪಾಲಿಸಿದ ಹಡಗಿನಲ್ಲೂ ನಮಗೆ ನಗುತ್ತ ಚಹಾ ಕೊಡುವವನು ಸತತ ಆರೇ ಗಂಟೆ ಬಿಡುವು ಕಂಡವನಿರಬಹುದು. ಪಗಾರ ಅವನ ದುಡಿಮೆಯ ಬೆಲೆ. ಆ ನಗುವಿನ ಋಣ ಪಗಾರದಲ್ಲಿ ತೀರುವುದಿಲ್ಲ, ಅದನ್ನು ತೀರಿಸಬೇಕಾದವರು ಕಂಪನಿಯವರಲ್ಲ, ಉಂಡವರು.

2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ಕೊರೊನಾ ಕಾರಣಕ್ಕೆ ತಡೆದು ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಹಡಗಿನಲ್ಲಿ 3,711 ಜನ, ಅವರಲ್ಲಿ 138 ಭಾರತೀಯರು. ಆ 138ರಲ್ಲಿ 132 ಜನ ಸಿಬ್ಬಂದಿ. ಪ್ರಯಾಣಿಕರಿಗೆ ಖೋಲಿ ಬಿಟ್ಟು ಹೊರಬರಬೇಡಿ ಎಂದರು. ಹಾಗಾದರೆ ಅವರ ಬಾಗಿಲಿಗೆ ಊಟ ಮುಟ್ಟಿಸುವವರು ಯಾರು? ಕೆಳಗಿನ ಅಂತಸ್ತಿನ ಇಕ್ಕಟ್ಟಾದ ಖೋಲಿಗಳನ್ನು ಹಂಚಿಕೊಂಡು ಮಲಗುತ್ತಿದ್ದ, ಒಂದೇ ಕಡೆ ಕೂತು ಉಣ್ಣುತ್ತಿದ್ದ ಅದೇ ಸಿಬ್ಬಂದಿ. ಕೊನೆಗೆ 712 ಜನರಿಗೆ ಸೋಂಕು ತಗುಲಿತು, ಅವರಲ್ಲಿ ಸಿಬ್ಬಂದಿಯವರೂ ಇದ್ದರು. ಒಂದೇ ಹಡಗು, ಒಂದೇ ರೋಗ. ಮೇಲಿನವರಿಗೆ ಬಾಗಿಲು ಹಾಕಿಕೊಳ್ಳುವ ಹಕ್ಕಿತ್ತು, ಕೆಳಗಿನವರಿಗೆ ಆ ಬಾಗಿಲು ತಟ್ಟುವ ಕೆಲಸವಿತ್ತು. ನಮ್ಮವರು ಕೆಲವರು ಅಲ್ಲಿಂದಲೇ ವಿಡಿಯೋ ಮಾಡಿ, ಬಿಡಿಸಿಕೊಂಡು ಹೋಗಿ ಎಂದು ಸರ್ಕಾರವನ್ನು ಬೇಡಿಕೊಂಡರು. ಆ ವಿಡಿಯೋ ನೋಡಿ ಅಕ್ಕ ಎರಡು ದಿನ ಊಟ ಬಿಟ್ಟಿದ್ದಳು. ಅವಳ ಮಗ ಆ ಹಡಗಿನವನಲ್ಲದಿದ್ದರೂ.

ಸಮುದ್ರ ದಾಟಿದರೆ ಧರ್ಮ ಕೆಡುತ್ತದೆಯೇ ಎಂದು ನಮ್ಮ ಅಜ್ಜಂದಿರು ವಾದ ಮಾಡಿದರು. ಕೆಡುವುದು ದಾಟಿದ್ದರಿಂದಲ್ಲ. ನಮ್ಮ ಸುಖಕ್ಕಾಗಿ ಇನ್ನೊಬ್ಬರು ನಿದ್ದೆ ಬಿಟ್ಟದ್ದನ್ನು ಕಾಣದೆ ಉಂಡರೆ ಕೆಡುತ್ತದೆ, ಅದು ಹಡಗಿನಲ್ಲಾದರೂ ಸರಿ, ದಡದಲ್ಲಾದರೂ ಸರಿ. ಕಬ್ಬು ಕಡಿಯುವ ಹಂಗಾಮಿನಲ್ಲಿ ಬೀಡ್ ಜಿಲ್ಲೆಯಿಂದ ಬಂದ ಗ್ಯಾಂಗುಗಳು ನಮ್ಮ ಹೊಲಗಳ ಬದುವಿನಲ್ಲಿ ಗುಡಿಸಲು ಹಾಕುತ್ತವೆ. ಅವರ ಮಕ್ಕಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಕಾಗವಾಡ, ಅಥಣಿ, ನಿಪ್ಪಾಣಿ ಕಡೆಯಿಂದಲೂ ಈಗ ಜನ ಅರವತ್ತರ ಸಮಾರಂಭಕ್ಕೆ, ಮದುವೆಯ ಬೆಳ್ಳಿಹಬ್ಬಕ್ಕೆ ಹಡಗಿನ ಟಿಕೆಟ್ ತೆಗೆಸುತ್ತಿದ್ದಾರೆ. ಹೋಗಿ ಬನ್ನಿ, ಸಮುದ್ರ ನೋಡಬೇಕಾದದ್ದೇ. ಆದರೆ ನಿಮ್ಮ ಖೋಲಿಯ ಹುಡುಗನ ಹೆಸರು ಓದಿ, ಹೆಸರು ಹಿಡಿದು ಕರೆಯಿರಿ. ಹಾಸಿಗೆ ಹೊಲಸಾಗದಿದ್ದರೆ ಸಂಜೆಯ ಸರದಿ ಬೇಡ ಎಂದು ಹೇಳಿ. ಅವನಿಗೆ ಅಷ್ಟು ಹೊತ್ತು ಕಾಲು ಚಾಚಲು ಸಿಗುತ್ತದೆ. ಉಣ್ಣುವಷ್ಟೇ ಬಡಿಸಿಕೊಳ್ಳಿ. ಕೊನೆಯ ದಿನ ಅಭಿಪ್ರಾಯದ ಫಾರಂ ಕೊಡುತ್ತಾರೆ. ಅದರಲ್ಲಿ ನೀವು ಹಾಕುವ ಅಂಕ ಅವನ ಮುಂದಿನ ನೌಕರಿಗೆ ಮುಟ್ಟುತ್ತದೆ, ಆದ್ದರಿಂದ ಒಂದು ದಿನ ಚಹಾ ತಡವಾಯಿತೆಂದು ಅಂಕ ಕತ್ತರಿಸಬೇಡಿ. ಬಿಲ್ಲಿನಲ್ಲಿ ಭಕ್ಷೀಸು ಸೇರಿದ್ದರೂ, ಇಳಿಯುವಾಗ ಅವನ ಮುಖ ನೋಡಿ, ನಿಮ್ಮ ಕೈಯಿಂದ ಅವನ ಕೈಗೆ ಏನಾದರೂ ಕೊಟ್ಟು ಇಳಿಯಿರಿ.